ಫಲಶ್ರುತಿಯ ಮಾರಾಟ

ನಮ್ಮ ಪುರಾಣಕಾವ್ಯಗಳಲ್ಲಿ ಫಲಶ್ರುತಿ ಎಂಬ ಒಂದು ಅಂಗವಿದೆ. ಈ ಕಥೆಯನ್ನು ಓದಿದವರಿಗೆ, ಕೇಳಿದವರಿಗೆ ಇಂಥಿಂಥ ಫಲ ಲಭಿಸುತ್ತದೆ ಎಂದು ಕವಿ ಹೇಳುವ ಮಾತು ಅದು. ಸಾಮಾನ್ಯವಾಗಿ ಕೊನೆಗೆ ಬರುವ ಈ ಮಾತನ್ನು ಕುಮಾರವ್ಯಾಸನು ಪೀಠಿಕೆಯಲ್ಲಿಯೇ ಹೇಳಿಬಿಟ್ಟಿದ್ದಾನೆ. ಆದರೆ ಫಲವನ್ನು ಹೇಳಿದ ಮೇಲೆ ಹತ್ತು ಪರ್ವಗಳ ಕಥೆಯನ್ನೂ ಏನನ್ನೂ ಬಚ್ಚಿಡದೆ ಹೇಳಿದ್ದಾನೆ. ಫಲಶ್ರುತಿಯನ್ನಷ್ಟೇ ಹೇಳಿ, ಕಥೆಯನ್ನು ಮುಂದಿನ ವಾರಕ್ಕೆ, ಹೆಚ್ಚಿನ ದರಕ್ಕೆ ಕಾದಿರಿಸುವ ಹೊಸ ವಾಙ್ಮಯ ಪ್ರಕಾರವೊಂದು ಈಗ ಬಳಕೆಗೆ ಬಂದಿದೆ. ನಿವೇಶನ, ಜಮೀನು, ಫ್ಲ್ಯಾಟುಗಳಲ್ಲಿ ಹಣ ಹೂಡಿ ಧನಿಕರಾಗುವುದನ್ನು ಕಲಿಸುತ್ತೇವೆನ್ನುವ ಶಿಬಿರಗಳ ಜಾಹೀರಾತು ಮತ್ತು ಭಾಷಣಗಳೇ ಆ ಪ್ರಕಾರ. ದಿನವೂ ನಮ್ಮ ಮೊಬೈಲಿಗೆ ಬಂದು ಬೀಳುವ ಈ ಗದ್ಯವನ್ನು ಸಾಹಿತ್ಯದ ಪುಟದಲ್ಲಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಈ ಗದ್ಯಕ್ಕೆ ನಿಶ್ಚಿತವಾದ ಬಂಧವಿದೆ. ನಾಯಕನು ಮೊದಲು ಬಡವ; ಯಾರೋ ಒಬ್ಬ ಗುರುವಿನಿಂದ ಗುಟ್ಟು ತಿಳಿಯಿತು; ಈಗ ಹಲವು ಮನೆಗಳ ಒಡೆಯ; ಆ ಗುಟ್ಟನ್ನು ಲೋಕೋಪಕಾರಕ್ಕಾಗಿ ಹೇಳಹೊರಟಿದ್ದಾನೆ. ಬಳಿಕ ದರದ ಅಲಂಕಾರ. ದೊಡ್ಡ ಮೊತ್ತವೊಂದನ್ನು ಬರೆದು, ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ತೊಂಬತ್ತೊಂಬತ್ತು ರೂಪಾಯಿ ಎಂದು ಕಾಣಿಸುವುದು. ಗೀಟು ಎಳೆದ ಬೆಲೆಗೆ ಯಾರಾದರೂ ಎಂದಾದರೂ ಕೊಂಡಿದ್ದರೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇದು ಅತಿಶಯೋಕ್ತಿಯಲ್ಲ, ಅತಿಶಯೋಕ್ತಿಗೆ ಮೂಲದಲ್ಲಿ ಒಂದು ವಸ್ತುವಾದರೂ ಇರಬೇಕು.

ಈ ಪ್ರಕಾರದ ಲಕ್ಷಣಗಳೆಲ್ಲ ಒಂದೆಡೆ ಕಾಣಸಿಗುವುದು ಅಮೆರಿಕದಲ್ಲಿ 2005ರಲ್ಲಿ ಆರಂಭವಾದ ‘ಟ್ರಂಪ್ ಯೂನಿವರ್ಸಿಟಿ’ಯಲ್ಲಿ. ಹೆಸರು ವಿಶ್ವವಿದ್ಯಾಲಯ, ಪದವಿ ಕೊಡುವ ಅಧಿಕಾರವಿರಲಿಲ್ಲ. ಮೊದಲು ಉಚಿತ ಉಪನ್ಯಾಸ. ಅಲ್ಲಿಂದ 1,495 ಡಾಲರಿನ ಮೂರು ದಿನಗಳ ಶಿಬಿರ. ಅಲ್ಲಿಂದ 34,995 ಡಾಲರಿನ ಮೇಲ್ತರಗತಿ. ಮೊಕದ್ದಮೆಯ ನಿಮಿತ್ತ ಅದರ ಸಿಬ್ಬಂದಿಯ ಕೈಪಿಡಿ 2016ರಲ್ಲಿ ಬಹಿರಂಗವಾಯಿತು. ನಾಟಕದ ರಂಗಸೂಚನೆಗಳಂತೆ ಅದರಲ್ಲಿ ಸಭಾಂಗಣದ ಉಷ್ಣತೆ 68 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು ಎಂಬವರೆಗೆ ಸೂಚನೆಗಳಿದ್ದುವು. ಬಂದವರ ಆಸ್ತಿಪಾಸ್ತಿಯ ವಿವರ ಬರೆಸಿಕೊಂಡು ಯಾರಿಗೆ ಯಾವ ತರಗತಿಯನ್ನು ಮಾರಬಹುದೆಂದು ಲೆಕ್ಕ ಹಾಕುವ ಕ್ರಮವೂ ಇತ್ತು. ಆ ವರ್ಷದ ನವೆಂಬರಿನಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 2.5 ಕೋಟಿ ಡಾಲರು ಕೊಡುವುದಾಗಿ ರಾಜಿಯಾಯಿತು.

ಇಲ್ಲಿ ಗಮನಿಸಬೇಕಾದುದು ಬೆಲೆ ಹುಟ್ಟುವ ರೀತಿ. ಪಾಠದ ತೂಕ ನೋಡಿ ಬೆಲೆ ಕಟ್ಟುವುದಲ್ಲ, ಕೇಳುವವನ ಜೇಬಿನ ತೂಕ ನೋಡಿ ಕಟ್ಟುವುದು. ಕೆಳಗಿನ ತರಗತಿಯು ಮೇಲಿನ ತರಗತಿಯ ಜಾಹೀರಾತು. ಆದುದರಿಂದ ಅಲ್ಲಿ ಪಾಠ ಪೂರ್ಣವಾಗುವಂತಿಲ್ಲ. ಪೂರ್ಣವಾದರೆ ವ್ಯಾಪಾರ ನಿಲ್ಲುತ್ತದೆ. ವಿದ್ಯಾರ್ಥಿಯು ತನ್ನನ್ನು ದಾಟಿ ಹೋಗಲಿ ಎಂದು ಹಾರೈಸುವ ಉಪಾಧ್ಯಾಯನಿಗೂ ಇವರಿಗೂ ಇರುವ ಅಂತರ ಇದೇ.

ಮಲ್ಪೆಯ ದಕ್ಕೆಯಲ್ಲಿ ಮೀನಿನ ಏಲಂ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿಯೂ ಗದ್ದಲ, ಅವಸರ, ಕೂಗು ಎಲ್ಲ ಇವೆ. ಆದರೆ ಮೀನು ಮೊದಲು ಕಣ್ಣೆದುರಿಗೆ ಬೀಳುತ್ತದೆ, ಕೂಗು ಆಮೇಲೆ. ಶಿಬಿರದಲ್ಲಿ ಕೂಗು ಮೊದಲು. ಬುಟ್ಟಿಯ ಮುಚ್ಚಳ ಹಣ ಕೊಟ್ಟ ಮೇಲೆ.

ಇದೇ ಮಲ್ಪೆಯಲ್ಲಿ, ಕಾಪುವಿನಲ್ಲಿ ಐದು ಸೆಂಟ್ಸ್ ಜಾಗ ಕೊಳ್ಳುವವನು ತಿಳಿಯಬೇಕಾದುದೇನು? ಕುಟುಂಬದ ಪಾಲುಪಟ್ಟಿ ಆಗಿದೆಯೇ, ಮೂಲಗೇಣಿಯ ಹಕ್ಕು ಯಾರದು, 1974ರ ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಬಂದ ಜಾಗವೇ, ಭೂಪರಿವರ್ತನೆ ಆಗಿದೆಯೇ, ಕರಾವಳಿ ನಿಯಂತ್ರಣ ವಲಯದ ನಿರ್ಬಂಧವಿದೆಯೇ. ಊರೂರು ತಿರುಗುವ ಭಾಷಣಕಾರನಿಂದ ಇವುಗಳಿಗೆ ಉತ್ತರ ಸಿಗದು. ಪಹಣಿಯನ್ನು ‘ಭೂಮಿ’ ಜಾಲತಾಣದಲ್ಲಿಯೂ, ನೋಂದಾಯಿತ ಬಡಾವಣೆಗಳ ವಿವರವನ್ನು ರೇರಾ ಜಾಲತಾಣದಲ್ಲಿಯೂ ಯಾರು ಬೇಕಾದರೂ ನೋಡಬಹುದು. ಉಳಿದುದಕ್ಕೆ ಊರಿನ ಒಬ್ಬ ವಕೀಲರು ಸಾಕು.

ಹಣದ ಪಾಠವನ್ನು ಬೇರೊಂದು ರೀತಿಯಲ್ಲಿ ಹೇಳಿದ ಊರು ಉಡುಪಿ. 1925ರಲ್ಲಿ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ಅಭ್ಯಾಸ ಉಳಿದಿದೆ. ಅಲ್ಲಿ ಪಾಠಕ್ಕೆ ಶುಲ್ಕವಿರಲಿಲ್ಲ, ಕೊಟ್ಟ ಎರಡಾಣೆ ಕೊಟ್ಟವನ ಲೆಕ್ಕದಲ್ಲಿಯೇ ಇರುತ್ತಿತ್ತು.

ವಿದ್ಯೆಗೆ ಶುಲ್ಕ ತೆಗೆದುಕೊಳ್ಳುವುದೇ ತಪ್ಪೆಂದು ಸಂಬಳ ಪಡೆಯುವ ಅಧ್ಯಾಪಕನು ಹೇಳಲಾರನು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಲ್ಲಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡವೂ ಉಂಟು. ಆದರೆ ಕಾನೂನು ಮುಟ್ಟಲಾರದ ಒಂದು ಮಾತು ಈ ಗದ್ಯದ ಕೊನೆಯಲ್ಲಿ ಅಡಗಿದೆ: ಫಲ ಬರದಿದ್ದರೆ ನಿಮ್ಮ ಮನೋಭಾವವೇ ಸರಿಯಿಲ್ಲ. ನಿವೃತ್ತಿಯ ಹಣವನ್ನೋ, ಮಗನು ಗಲ್ಫಿನಿಂದ ಕಳುಹಿಸಿದುದನ್ನೋ ತೆತ್ತವನು ಹಣದ ಜೊತೆಗೆ ಆತ್ಮವಿಶ್ವಾಸವನ್ನೂ ಕಳೆದುಕೊಂಡು, ನಾಚಿಕೆಯಿಂದ ಯಾರಿಗೂ ಹೇಳದೆ ಸುಮ್ಮನಾಗುತ್ತಾನೆ. ಆ ಮೌನದ ಮೇಲೆಯೇ ಮುಂದಿನ ಶಿಬಿರ ನಡೆಯುತ್ತದೆ.

ಆದುದರಿಂದ ವಾಚಕರು ಸಭೆಯಲ್ಲಿ ಎದ್ದುನಿಂತು ಒಂದೇ ಪ್ರಶ್ನೆಯನ್ನು ಕೇಳಬೇಕು: ಸ್ವಾಮಿ, ಕಳೆದ ವರ್ಷ ತಮಗೆ ಭೂಮಿಯಿಂದ ಬಂದ ಆದಾಯ ಹೆಚ್ಚೋ, ನಮ್ಮಂಥವರು ತೆತ್ತ ಶುಲ್ಕದ ಆದಾಯ ಹೆಚ್ಚೋ? ಉತ್ತರ ಬರುವವರೆಗೆ ಕೈಯನ್ನು ಜೇಬಿನಿಂದ ದೂರವಿಟ್ಟರಾಯಿತು.