ಪಟಕ್ಕೆ ಉಡಿಸಿದ ಜರಿ

17ನೇ ಶತಮಾನದ ಯುರೋಪಿನ ಅಚ್ಚುಚಿತ್ರದಲ್ಲಿ ಚಿತ್ರದಷ್ಟೇ ತೂಕ ಅದರ ಕೆಳಗಿನ ಅರ್ಪಣೆಯ ಸಾಲಿಗೂ ಇತ್ತು. ತಾಮ್ರದ ತಗಡಿನಲ್ಲಿ ದೊರೆಯ ಹೆಸರು, ಬಿರುದು, ಲಾಂಛನ ಕೊರೆದರೆ ಪ್ರತಿ ಹಾಳೆಯೊಡನೆ ಅವನ ಕೀರ್ತಿ ಊರೂರು ಸುತ್ತುತ್ತಿತ್ತು. ಕೊರೆದವನಿಗೆ ದೊಡ್ಡವರ ಬಾಗಿಲು ತೆರೆಯುತ್ತಿತ್ತು. ಚಿತ್ರಕಾರ ರೂಬೆನ್ಸ್‌ಗಾಗಿ ಕೊರೆಯುತ್ತಿದ್ದ ವೋರ್ಸ್ಟರ್‌ಮನ್ ಕೆಲವು ಹಾಳೆಗಳಿಗೆ ತನ್ನದೇ ಅರ್ಪಣೆ ಸೇರಿಸಿದ. 1622ರ ಹೊತ್ತಿಗೆ ಇಬ್ಬರೂ ಮುನಿಸಿಕೊಂಡಿದ್ದರು.

ಪೋಷಕರೆಂದರೆ ಅರಸರು, ಪಾದ್ರಿಗಳು ಎನ್ನುವ ಕಲಾಚರಿತ್ರೆ ಅಲ್ಲಿಗೇ ನಿಲ್ಲುತ್ತದೆ. ಅದೇ ಶತಮಾನದ ಕೊನೆಗೆ ಪ್ಯಾರಿಸ್ಸಿನಲ್ಲಿ ಬೊನ್ನಾರ್ ಮನೆತನದವರು ಆಸ್ಥಾನದ ಉಡುಗೆಯ ಚಿತ್ರಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು. ಇಂಥ ಹಾಳೆಗಳನ್ನು ಕೊಂಡವರಲ್ಲಿ ಕೆಲವರು ಉಡುಪಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಹಿಂದಿನಿಂದ ನಿಜವಾದ ರೇಷ್ಮೆಯ ತುಂಡು ಅಂಟಿಸುತ್ತಿದ್ದರು. ಅರಮನೆಯ ಒಳಗೆ ಕಾಲಿಡಲಾಗದವರ ಕೈಗೂ ಅದರ ಸೆರಗು ಸಿಕ್ಕಿತು.

ಕನ್ನಡನಾಡಿಗೆ ಈ ಕೆಲಸ ಹೊಸದಲ್ಲ. ರವಿವರ್ಮನ ಕಲ್ಲಚ್ಚಿನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಪಟಗಳು ದಕ್ಷಿಣದ ಮನೆಗಳಿಗೂ ಬಂದವು. ಹೆಂಗಸರು ಅವಕ್ಕೆ ಜರಿ, ಚಮಕಿ, ಬಟ್ಟೆಯ ತುಂಡು ಅಂಟಿಸಿ ಸೀರೆ ಉಡಿಸಿದರು. ರವಿವರ್ಮನಿಂದ ಪುರಾಣದ ಚಿತ್ರಗಳನ್ನು ಬರೆಸಿದ ನಾಲ್ವಡಿ ಕೃಷ್ಣರಾಜ ಒಡೆಯರೇ ಮೊಳಕಾಲ್ಮೂರಿನ ರೇಷ್ಮೆ ನೇಯ್ಗೆಗೂ ಆಸರೆಯಾದವರು. ಕುಂಚಕ್ಕೂ ಮಗ್ಗಕ್ಕೂ ಪೋಷಕರು ಒಬ್ಬರೇ. ಆದರೆ ಬಟ್ಟೆ, ಚಿತ್ರ ಎರಡನ್ನೂ ಒಂದೇ ಚೌಕಟ್ಟಿಗೆ ತಂದದ್ದು ಮನೆಯ ಹೆಣ್ಣುಮಕ್ಕಳು. ಎಲ್ಲ ಬಟ್ಟೆಗೂ ಆ ಜಾಗ ದಕ್ಕಲಿಲ್ಲ. ಮೊಳಕಾಲ್ಮೂರಿನ ಪಕ್ಕದ ಚಳ್ಳಕೆರೆಯ ಕರಿಕಂಬಳಿ ದೇವರ ಗದ್ದುಗೆಗೆ ಹಾಸಲು ಶ್ರೇಷ್ಠ. ಪಟದ ಮೈಮೇಲೆ ಏರಿದ್ದು ಮಾತ್ರ ಜರಿ.

ಇಂಥ ಪಟಗಳನ್ನು ‘ಕೆಟ್ಟವು’ ಎಂದು ಬಗೆದು, ಜರಿ ಕಿತ್ತು, ಅಚ್ಚನ್ನು ‘ಶುದ್ಧ’ ಮಾಡುವ ಪಂಗಡವೊಂದಿದೆ. ಅದು ದೊಡ್ಡ ತಪ್ಪು. ಒಂದೇ ಅಚ್ಚಿನಿಂದ ಬಂದ ಸಾವಿರ ಹಾಳೆಗಳಲ್ಲಿ ಈ ಹಾಳೆ ಈ ಮನೆಯದೆಂದು ಹೇಳುವುದು ಆ ಜರಿ ಮಾತ್ರ. ಅರ್ಪಣೆಯ ಸಾಲಿನಲ್ಲಿ ಹೆಸರು ಬರೆಸಿಕೊಳ್ಳಲಾಗದವರು ಸೂಜಿ, ಅಂಟಿನಿಂದ ಹಾಕಿದ ರುಜು ಅದು. ಜರಿ ಕೀಳುವಾಗ ಕಾಗದದ ಮೇಲ್ಪದರವೂ ಅದರ ಜೊತೆ ಎದ್ದುಬರುತ್ತದೆ. ಬಟ್ಟೆಯ ಮರೆಯಲ್ಲಿ ಬಿಸಿಲು ತಾಗದೆ ಉಳಿದಿದ್ದ ಬಣ್ಣವೂ ಹೋಗುತ್ತದೆ.

ಇವುಗಳ ಪರೀಕ್ಷೆಗೆ ಪಟದ ವ್ಯಾಪಾರಿಯ ಭೂತಗನ್ನಡಿಗಿಂತ ನೇಕಾರರ ಕಣ್ಣು ಮೇಲು. ಒಡಲಿಗೂ ಅಂಚಿಗೂ ಬೇರೆ ಬಣ್ಣ ಕೂಡಿಸಿ ಮೂರು ಲಾಳಿಯಲ್ಲಿ ನೇಯುವವರಿಗೆ ಅಂಟಿಸಿದ ತುಂಡು ಅಂಚಿನದೋ ಸೆರಗಿನದೋ ತಟ್ಟನೆ ತಿಳಿಯುತ್ತದೆ. ಬೆಳ್ಳಿಯ ಜರಿ ಕಾಲಕ್ರಮದಲ್ಲಿ ಕಪ್ಪಾಗುತ್ತದೆ, ತಾಮ್ರದ್ದು ಹಸಿರು ಕಿಲುಬು ಹಿಡಿಯುತ್ತದೆ. ಲಕ್ಷ್ಮಿಗೆ ಸೀರೆ ಉಡಿಸಿದ ಮನೆಯವರು ಎಷ್ಟು ಖರ್ಚಿಗೆ ಮುಂದಾಗಿದ್ದರು ಎಂಬುದು ಆ ಕಲೆಯಲ್ಲೇ ಇದೆ.