ಗ್ರಾಮಚರಿತ್ರೆಯಲ್ಲಿ ಹೇಳದೆ ಉಳಿದುದು
(ಆವರ್‌ಬಾಖನ ಗ್ರಾಮಕಥೆಗಳ ವಿಮರ್ಶೆ)

ಅರಸರ ಚರಿತ್ರೆಗೆ ಶಾಸನಗಳುಂಟು. ಹಳ್ಳಿಯ ಚರಿತ್ರೆಗೆ ಕಂದಾಯದ ಲೆಕ್ಕವೂ ಜನನಮರಣಗಳ ಪುಸ್ತಕವೂ ದೊರೆತರೆ ಅದೇ ಭಾಗ್ಯ. ಜರ್ಮನಿಯ ನೈಋತ್ಯದಲ್ಲಿ, ಶ್ವಾರ್ಟ್ಸ್‌ವಾಲ್ಡ್ ಎಂಬ ಅರಣ್ಯಪ್ರಾಂತದ ಅಂಚಿನಲ್ಲಿ, ಹೋರ್ಬ್ ಪಟ್ಟಣಕ್ಕೆ ಸಮೀಪವಾಗಿರುವ ನೋರ್ಡ್‌ಸ್ಟೆಟ್ಟನ್ ಎಂಬ ಸಣ್ಣ ಊರಿಗಾದರೋ ಒಬ್ಬ ಕಥೆಗಾರನೇ ದೊರೆತನು. ಅವನು 1812ರಲ್ಲಿ ಅಲ್ಲಿ ಹುಟ್ಟಿದ ಬೆರ್ಟೋಲ್ಟ್ ಆವರ್‌ಬಾಖನು. ಅವನ ‘ಶ್ವಾರ್ಟ್ಸ್‌ವಾಲ್ಡಿನ ಗ್ರಾಮಕಥೆಗಳು’ 1843ರಿಂದ ಪ್ರಕಟವಾಗತೊಡಗಿ ಯೂರೋಪಿನಲ್ಲೆಲ್ಲ ಹೆಸರಾದುವು.

ಈ ಕಥೆಗಳ ಮೊದಲನೆಯ ಗುಣವು ಯಥಾರ್ಥತೆ. ಊರಿನ ಹೆಸರನ್ನು ಕವಿಯು ಮರೆಮಾಡಲಿಲ್ಲ. ಆಸ್ಟ್ರಿಯದ ಆಳಿಕೆಯಲ್ಲಿದ್ದ ಆ ಸೀಮೆಯು 1805ರ ಪ್ರೆಸ್‌ಬುರ್ಗ್ ಸಂಧಿಯ ತರುವಾಯ ವ್ಯೂರ್ಟೆಂಬೆರ್ಗ್ ರಾಜ್ಯಕ್ಕೆ ಸೇರಿತು. ಹೊಸ ಪ್ರಭುತ್ವದೊಡನೆ ಹೊಸ ಅಧಿಕಾರಿಗಳೂ ಹೊಸ ಆಜ್ಞೆಗಳೂ ಬಂದುವು. ಎಡತೋಳಿನಲ್ಲಿ ಕೊಡಲಿಯನ್ನಿಟ್ಟುಕೊಂಡು ನಡೆಯುವ ಹಿಂದಿನವರ ರೂಢಿಯನ್ನು ಒಬ್ಬ ಅಧಿಕಾರಿಯು ನಿಷೇಧಿಸಲು, ಊರಿನ ಗಂಡಸರು ಆ ಆಜ್ಞಾಪತ್ರದ ಮೇಲೆಯೇ ಕೊಡಲಿಯ ಏಟನ್ನು ಹಾಕುವರು. ಸಣ್ಣ ಸಂಗತಿ; ಆದರೆ ರಾಜ್ಯವು ಕೈಬದಲಾದುದು ರೈತನ ತೋಳಿಗೆ ಹೇಗೆ ತಿಳಿಯಿತೆಂಬುದನ್ನು ಯಾವ ಸಂಧಿಪತ್ರವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಪ್ರೇಮದಲ್ಲಿ ಸೋತ ಅಲೋಯ್ಸನು ಅಮೆರಿಕಕ್ಕೆ ಹೋಗಿ ನೆಲೆಸುವ ಕಥೆಯಲ್ಲಿ, ಆ ಕಾಲದಲ್ಲಿ ಸಾವಿರಾರು ಜನರನ್ನು ಸಮುದ್ರ ದಾಟಿಸಿದ ವಲಸೆಯು ಒಬ್ಬ ತಾಯಿಯ ದುಃಖವಾಗಿ ನಿಲ್ಲುವುದು. ಲೌಟರ್‌ಬಾಖಿನಿಂದ ಬಂದ ಉಪಾಧ್ಯಾಯನು ಮೊದಲು ಹಳ್ಳಿಗರನ್ನು ಹೀನೈಸಿ, ಬಳಿಕ ಅವರಿಂದಲೇ ತಾನು ಕಲಿಯುವ ಕಥೆಯಂತೂ ಪಾಠ ಹೇಳುವವರೆಲ್ಲರೂ ಓದತಕ್ಕುದು.

ಇಷ್ಟು ಗುಣಗಳಿದ್ದರೂ ಒಂದು ಆಕ್ಷೇಪಕ್ಕೆ ಎಡೆಯುಂಟು. ನೋರ್ಡ್‌ಸ್ಟೆಟ್ಟನ್ನಿನಲ್ಲಿ ಕ್ಯಾಥೊಲಿಕರ ನೆರೆಯಲ್ಲಿಯೇ ಯೆಹೂದ್ಯರು ತಲೆಮಾರುಗಳಿಂದ ಬಾಳುತ್ತಿದ್ದರು. ಅವರಿಗೆ ತಮ್ಮದೇ ದೇವಾಲಯವೂ ಪಾಠಶಾಲೆಯೂ ಶ್ಮಶಾನವೂ ಇದ್ದುವು. ಆವರ್‌ಬಾಖನೂ ಯೆಹೂದ್ಯನೇ. ಹಾಗಿದ್ದರೂ ಈ ಕಥೆಗಳಲ್ಲಿ ಅವನ ಕುಲದವರು ಬೀದಿಯಲ್ಲಿ ಸುಳಿದು ಹೋಗುವರೇ ಹೊರತು ಕಥಾನಾಯಕರಾಗಿ ನಿಲ್ಲರು. ಇದು ಶಕ್ತಿಯ ಅಭಾವವಲ್ಲ. ಸ್ಪಿನೋಜನನ್ನು ಕುರಿತು 1837ರಲ್ಲಿಯೇ ಅವನು ಕಾದಂಬರಿಯನ್ನು ರಚಿಸಿದ್ದನು. ಎಲ್ಲ ಜರ್ಮನರೂ ತಮ್ಮದೆಂದು ಅಪ್ಪಿಕೊಳ್ಳುವಂತಹ ಹಳ್ಳಿಯನ್ನು ಕೊಡಬೇಕೆಂಬ ಹಂಬಲವೇ ಈ ಮೌನಕ್ಕೆ ಕಾರಣವೆಂದು ತೋರುವುದು.

ಆದರೆ ವಾಚ್ಯದಲ್ಲಿಲ್ಲದುದು ವ್ಯಂಗ್ಯದಲ್ಲಿ ಇರಬಹುದೆಂಬುದು ಧ್ವನಿಮತದ ಮರ್ಮ. ‘ಈವೋ’ ಎಂಬ ಕಥೆಯಲ್ಲಿ ತಾಯ್ತಂದೆಗಳು ಮಗನನ್ನು ಕ್ಯಾಥೊಲಿಕ್ ಪಾದ್ರಿಯಾಗಲೆಂದು ಓದಿಸುವರು. ಅವನಾದರೋ ಬಹು ವೇದನೆಯಿಂದ ಆ ದಾರಿಯನ್ನು ಬಿಟ್ಟು ಗೃಹಸ್ಥನಾಗುವನು. ಆವರ್‌ಬಾಖನನ್ನೂ ಮನೆಯವರು ಧರ್ಮಗುರುವಾಗಲೆಂದೇ ಓದಿಸಿದ್ದರು. ವಿದ್ಯಾರ್ಥಿಸಂಘದಲ್ಲಿ ಸೇರಿದ್ದ ಅಪರಾಧಕ್ಕಾಗಿ ಅವನು 1837ರಲ್ಲಿ ಹೋಹೆನಾಸ್ಪೆರ್ಗ್ ಕೋಟೆಯಲ್ಲಿ ಸೆರೆವಾಸವನ್ನು ಅನುಭವಿಸಿದನು. ಆ ವೃತ್ತಿಯ ಬಾಗಿಲು ಮುಚ್ಚಿತು. ಈವೋವಿನ ಸಂಕಟವು ಬೇರೆ ಕಥೆಗಳಲ್ಲಿ ಕಾಣದಷ್ಟು ಬಿಸಿಯಾಗಿರುವುದಕ್ಕೆ ಕಾರಣವಿಲ್ಲಿದೆ. ಬಿಟ್ಟುಹೋದ ಮನೆಯು ನೆರೆಮನೆಯ ಹುಡುಗನ ಬಾಯಿಂದ ಮಾತನಾಡಿತು.

ಹಾಗೆಂದು ಆಕ್ಷೇಪವು ಪೂರ್ತಿಯಾಗಿ ತೀರಲಿಲ್ಲ. ಧ್ವನಿಯು ಸಹೃದಯನಿಗೆ ಕೇಳುವುದು, ದ್ವೇಷಿಗೆ ಕೇಳದು. 1880ರ ನವೆಂಬರಿನಲ್ಲಿ ಪ್ರಷ್ಯದ ಶಾಸನಸಭೆಯಲ್ಲಿ ಯೆಹೂದ್ಯರ ವಿರುದ್ಧ ನಡೆದ ವಾದಗಳನ್ನು ವೃದ್ಧ ಕವಿಯು ಕುಳಿತು ಕೇಳಿ, ತನ್ನ ಬಾಳೂ ದುಡಿಮೆಯೂ ವ್ಯರ್ಥವಾದುವೆಂದು ಬಂಧುವಿಗೆ ಬರೆದನು. 1882ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಸತ್ತ ಅವನನ್ನು ತಂದು ಮಣ್ಣುಮಾಡಿದುದು ನೋರ್ಡ್‌ಸ್ಟೆಟ್ಟನ್ನಿನ ಯೆಹೂದ್ಯ ಶ್ಮಶಾನದಲ್ಲಿ. 1941 ಮತ್ತು 1942ರಲ್ಲಿ ನಾಜಿಗಳು ಆ ಸೀಮೆಯಲ್ಲಿ ಉಳಿದಿದ್ದ ಯೆಹೂದ್ಯರನ್ನು ಗಡೀಪಾರು ಮಾಡಿ ನಾಶಗೊಳಿಸಿದರು.

ಹೀಗೆ ಊರಿನ ಚರಿತ್ರೆಯು ಎರಡು ಕಡೆ ಉಳಿಯಿತು: ಅರ್ಧವು ಕಥೆಗಳಲ್ಲಿ, ಅರ್ಧವು ಸಮಾಧಿಗಲ್ಲುಗಳಲ್ಲಿ. ಎರಡನ್ನೂ ಕೂಡಿಸಿ ಓದಿದವನಿಗೇ ನೋರ್ಡ್‌ಸ್ಟೆಟ್ಟನ್ ಪೂರ್ಣವಾಗಿ ಕಾಣುವುದು. ತಮ್ಮ ಊರಿನ ಚರಿತ್ರೆಯನ್ನು ಬರೆಯಹೊರಡುವವರು ಆವರ್‌ಬಾಖನಿಂದ ಪ್ರೀತಿಯನ್ನು ಕಲಿಯಲಿ. ಯಾವ ಬೀದಿಯನ್ನೂ ಬಿಡಬಾರದೆಂಬುದನ್ನು ಅವನ ಮೌನದಿಂದ ಕಲಿಯಲಿ.