ಬಿತ್ತುವವನ ಪಾದದ ಕೆಳಗೆ

ಅಮೆರಿಕದ ಬಹಳಷ್ಟು ರಾಜ್ಯಗಳ ಶಾಸನಭವನಗಳು ವಾಷಿಂಗ್ಟನ್ನಿನ ಕ್ಯಾಪಿಟಲ್ ಅನ್ನೇ ನೋಡಿ ಕಟ್ಟಿದಂಥವು. ಮುಂದೆ ಸಾಲುಗಂಬ, ಮೇಲೆ ದೊಡ್ಡ ಗುಮ್ಮಟ. ನೆಬ್ರಾಸ್ಕದ ರಾಜಧಾನಿ ಲಿಂಕನ್ನಿನಲ್ಲಿರುವ ಭವನ ಆ ಜಾಡು ಹಿಡಿಯಲಿಲ್ಲ. ನೆಲಕ್ಕೆ ಒತ್ತಿ ಕೂತ ಅಗಲವಾದ ಚೌಕ ಕಟ್ಟಡ, ಅದರ ನಟ್ಟನಡುವಿನಿಂದ ನೇರ ಎದ್ದ 400 ಅಡಿಯ ಗೋಪುರ, ತುದಿಯಲ್ಲಿ ಹೊಂಬಣ್ಣದ ಪುಟ್ಟ ಗುಮ್ಮಟ. ಅದರ ನೆತ್ತಿಯ ಮೇಲೆ ನಿಂತಿರುವವನು ಒಬ್ಬ ರೈತ! ಬರಿಗಾಲು, ಹೆಗಲಿಗೆ ಬೀಜದ ಚೀಲ, ಬೀಜ ಎರಚಲು ಬೀಸಿದ ಕೈ. ಕೆಳಗಿನಿಂದ ನೋಡುವವರಿಗೆ ಗೇಣುದ್ದ ಕಾಣುವ ಈ ಕಂಚಿನ ಮೂರ್ತಿ ನಿಜಕ್ಕೂ 19 ಅಡಿಗಿಂತ ಎತ್ತರ. ಅವನ ಪೀಠದಲ್ಲಿ ಗೋಧಿ ಮತ್ತು ಮೆಕ್ಕೆಜೋಳದ ತೆನೆಗಳು. ಶಿಲ್ಪಿ ಲೀ ಲಾರಿ; ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನೆದುರು ಆಕಾಶ ಹೊತ್ತು ನಿಂತ ಅಟ್ಲಾಸನಿಗೂ ಕೈಹಚ್ಚಿದವನು. ಆ ಅಟ್ಲಾಸನಿಗಿಂತ ಈ ಬಿತ್ತುವವನೇ ನನಗೆ ಹೆಚ್ಚು. ಸುತ್ತ ಕಣ್ಣು ಹಾಯುವವರೆಗೂ ಬಯಲಿರುವ ನಾಡಿನಲ್ಲಿ, ಆಳುವವರ ತಲೆಯ ಮೇಲೆ ಉಳುವವನನ್ನು ನಿಲ್ಲಿಸಿದ್ದಾರಲ್ಲ, ಅದೇ ದೊಡ್ಡ ಮಾತು.

ಈ ಭವನ ಎದ್ದ ಬಗೆಯೂ ಸವಿಯಬೇಕಾದ್ದೇ. 1920ರ ಸ್ಪರ್ಧೆಯಲ್ಲಿ ಗೆದ್ದ ವಾಸ್ತುಶಿಲ್ಪಿ ಬರ್ಟ್ರಂ ಗುಡ್‌ಹ್ಯೂ. 1922ರಲ್ಲಿ ಕೆಲಸ ಶುರುವಾದಾಗ ಹಳೆಯ ಭವನವನ್ನು ಕೆಡವಲಿಲ್ಲ. ಅಲ್ಲಿ ಕಚೇರಿಗಳು ನಡೆಯುತ್ತಲೇ ಇದ್ದವು, ಹೊಸ ಗೋಡೆಗಳು ಅದರ ಸುತ್ತ ಏಳುತ್ತಾ ಹೋದವು. ಜನ ಹೊಸ ಕೋಣೆಗಳಿಗೆ ಬಂದ ಮೇಲೆ ಹಳೆಯದನ್ನು ತೆಗೆದು ಗೋಪುರ ಎಬ್ಬಿಸಿದರು. ಸುಣ್ಣಕಲ್ಲು ಸಾಗಿಸಲು ಊರಿನ ಬೀದಿಯಲ್ಲೇ ರೈಲು ಹಳಿ ಹಾಸಿದ್ದರು. ಸಾಲ ಮಾಡಲಿಲ್ಲ, ದುಡ್ಡು ಬಂದಷ್ಟು ಕಟ್ಟಿದರು. 1932ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಒಂದು ಕೋಟಿ ಡಾಲರಿಗೆ ತುಸು ಕಡಿಮೆ ವೆಚ್ಚದಲ್ಲಿ ಮುಗಿದಾಗ ಯಾರಿಗೂ ಕಾಸು ಬಾಕಿ ಇರಲಿಲ್ಲ. ಗುಡ್‌ಹ್ಯೂ ಅದನ್ನು ನೋಡಲಿಲ್ಲ, 1924ರಲ್ಲೇ ತೀರಿಕೊಂಡಿದ್ದ. ಒಳ ಅಂಗಳಗಳಿಗೆ ಅವನು ಬರೆದಿಟ್ಟ ಕಾರಂಜಿಗಳು ಮಾತ್ರ ಕಾಗದದಲ್ಲೇ ಉಳಿದವು. ಅವು ಚಿಮ್ಮಿದ್ದು 2017ರಲ್ಲಿ, ರಾಜ್ಯಕ್ಕೆ 150 ತುಂಬಿದಾಗ.

ಒಳಗೆ ಬಂದವರು ಮೊದಲು ಕತ್ತೆತ್ತಿ ಮೇಲೆ ನೋಡುತ್ತಾರೆ. ನಾನಾದರೆ ನೆಲ ನೋಡಿ ಎನ್ನುತ್ತೇನೆ. ನಡುಮಂಟಪದ ಅಮೃತಶಿಲೆಯ ನೆಲದಲ್ಲಿ ಹಿಲ್ಡ್ರೆತ್ ಮೇರ್ ಎಂಬ ಕಲಾವಿದೆ ಭೂತಾಯಿಯನ್ನು ಕೂರಿಸಿದ್ದಾಳೆ. ಸುತ್ತ ನಾಲ್ಕು ವೃತ್ತಗಳಲ್ಲಿ ಮಣ್ಣು, ನೀರು, ಬೆಂಕಿ, ಗಾಳಿ. ಇವನ್ನೆಲ್ಲ ಬೆಸೆಯುತ್ತ ಬಳ್ಳಿಯಂತೆ ಹೆಣೆದು ಸಾಗುವ ಪಟ್ಟಿಯ ತುಂಬ ಅಳಿದುಹೋದ ಜೀವಿಗಳು. ಕಲ್ಪನೆಯ ಮೃಗಗಳಿರಬೇಕು ಎನಿಸುತ್ತದೆ, ಆದರೆ ಅವು ನೆಬ್ರಾಸ್ಕದ ಮಣ್ಣಿನಡಿ ಪಳೆಯುಳಿಕೆಗಳಾಗಿ ಸಿಕ್ಕ ಪ್ರಾಣಿಗಳು. ಒಂದು ರಾಜ್ಯ ತನ್ನ ಚರಿತ್ರೆಯನ್ನು ಮೊದಲ ಗವರ್ನರನಿಂದ ಶುರುಮಾಡದೆ ಲಕ್ಷಾಂತರ ವರ್ಷ ಹಿಂದಿನ ಜೀವಿಯಿಂದ ಶುರುಮಾಡಿದ್ದು ಎಷ್ಟು ಸೊಗಸು! ಎಲ್ಲಿ ಏನು ಕೆತ್ತಬೇಕು, ಯಾವ ಮಾತು ಬರೆಯಬೇಕು ಎಂದು ಗೊತ್ತುಮಾಡಿದವನು ಅಲ್ಲಿನ ವಿಶ್ವವಿದ್ಯಾಲಯದ ತತ್ವಶಾಸ್ತ್ರದ ಮೇಷ್ಟ್ರು ಹಾರ್ಟ್ಲಿ ಬರ್ ಅಲೆಕ್ಸಾಂಡರ್. ಪೌರರು ಎಚ್ಚರವಾಗಿದ್ದರೆ ರಾಜ್ಯ ಉಳಿಯುತ್ತದೆ ಎಂಬರ್ಥದ ಅವನ ವಾಕ್ಯ ಉತ್ತರದ ಬಾಗಿಲ ಮೇಲಿದೆ.

ಪೂರ್ವದ ಸಭಾಂಗಣದ ಬಾಗಿಲ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಭಾರವಾದ ಮರದ ಎರಡು ಕದಗಳಲ್ಲಿ ಬಣ್ಣ ತುಂಬಿ ಕೆತ್ತಿದ ಮೂಲನಿವಾಸಿ ಗಂಡು, ಹೆಣ್ಣು, ಜೊತೆಗೆ ಮೆಕ್ಕೆಜೋಳದ ಗಿಡ. ಈ ಬಾಗಿಲ ಹಿಂದಿನದು ರಾಜ್ಯದ ಸೆನೆಟ್ ಕೂರಲೆಂದು ಮಾಡಿದ ಕೋಣೆ. ಕಟ್ಟಡ ಮುಗಿದು ಐದು ವರ್ಷದೊಳಗೆ ಆ ಸೆನೆಟ್ಟೇ ಇಲ್ಲವಾಯಿತು.

ಅದಕ್ಕೆ ಕಾರಣ ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ ಈ ರಾಜ್ಯದ ಪ್ರತಿನಿಧಿಯಾಗಿದ್ದ ಜಾರ್ಜ್ ನಾರಿಸ್. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕಿಳಿಯುವುದನ್ನು ವಿರೋಧಿಸಿದ ಆರು ಸೆನೆಟರುಗಳಲ್ಲಿ ಒಬ್ಬ, ಟೆನೆಸ್ಸಿ ಕಣಿವೆಯ ಅಣೆಕಟ್ಟು ಯೋಜನೆಗೆ ವರ್ಷಗಟ್ಟಲೆ ಹೋರಾಡಿದವನು. ಆಗ ರಾಜ್ಯದ ಶಾಸಕಾಂಗದಲ್ಲಿದ್ದ ಎರಡು ಸದನಗಳು ಒಂದೇ ಮಸೂದೆಯನ್ನು ಬೇರೆ ಬೇರೆ ರೂಪದಲ್ಲಿ ಒಪ್ಪಿದಾಗ ಬೆರಳೆಣಿಕೆಯ ಜನ ಮುಚ್ಚಿದ ಕೋಣೆಯಲ್ಲಿ ಕೂತು ಕೊನೆಯ ರೂಪ ಕೊಡುತ್ತಿದ್ದರು. ಮಸೂದೆ ಅಲ್ಲೇ ಸತ್ತರೆ ಕೊಂದವರು ಯಾರೆಂದು ಮತದಾರನಿಗೆ ತಿಳಿಯುತ್ತಲೇ ಇರಲಿಲ್ಲ. ನಾರಿಸ್‌ನ ಸಿಟ್ಟು ಇದರ ಮೇಲೆ. ಎಪ್ಪತ್ತು ದಾಟಿದ ಮನುಷ್ಯ ಒಂದೇ ಸದನ ಸಾಕೆಂದು ಹೇಳುತ್ತ 1934ರಲ್ಲಿ ಕಾರು ಹತ್ತಿ ಊರೂರು ಸುತ್ತಿದ. ಟೈರುಗಳು ಸವೆದವು, ಜನ ಒಪ್ಪಿದರು. 1937ರಲ್ಲಿ 43 ಸದಸ್ಯರ ಒಂದೇ ಸದನ ಕೂತಿತು. ಈಗ 49. ಇಡೀ ಅಮೆರಿಕದಲ್ಲಿ ಹೀಗಿರುವುದು ಈ ಒಂದೇ ರಾಜ್ಯ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕ ಪಕ್ಷ ಇರುವುದಿಲ್ಲ. ಯಾರು ಯಾವ ಪಕ್ಷದವರೆಂದು ಊರಿಗೆಲ್ಲ ಗೊತ್ತು, ಪಕ್ಷದ ಎಳೆದಾಟವೂ ಇದೆ. ಆದರೂ ಆ ಖಾಲಿ ಜಾಗಕ್ಕೆ ಒಂದು ಘನತೆಯಿದೆ. ಸಮಿತಿಗೆ ಹೋದ ಮಸೂದೆಗೆ ಸಾರ್ವಜನಿಕ ಅಹವಾಲು ನಡೆಯಬೇಕು, ಬಂದವರು ಎದ್ದು ಮಾತಾಡಬಹುದು. ಜನರೇ ತಮ್ಮ ಎರಡನೆಯ ಸದನ ಎನ್ನುವುದು ಅಲ್ಲಿನ ರೂಢಿಯ ಮಾತು.

ಈ ರಾಜ್ಯ ತನ್ನವರೆಂದು ಯಾರನ್ನು ಎತ್ತಿ ತೋರಿಸುತ್ತದೆ ಎಂಬುದರಲ್ಲೂ ಇದೇ ಹದ ಕಾಣುತ್ತೇನೆ. ಪ್ರತಿ ರಾಜ್ಯವೂ ವಾಷಿಂಗ್ಟನ್ನಿನ ಕ್ಯಾಪಿಟಲ್‌ಗೆ ಇಬ್ಬರ ಪ್ರತಿಮೆ ಕೊಡುತ್ತದೆ. ನೆಬ್ರಾಸ್ಕ ಕೊಟ್ಟಿದ್ದು ವಿಲಿಯಂ ಜೆನಿಂಗ್ಸ್ ಬ್ರಯನ್ ಮತ್ತು ಸ್ಟರ್ಲಿಂಗ್ ಮಾರ್ಟನ್‌ರನ್ನು. ಬ್ರಯನ್ ಮೂರು ಸಲ ಅಧ್ಯಕ್ಷ ಪದವಿಗೆ ನಿಂತು ಮೂರು ಸಲವೂ ಸೋತ ಮಹಾ ವಾಗ್ಮಿ. 1906ರಲ್ಲಿ ಭಾರತ ನೋಡಿ ಹೋಗಿ ಬ್ರಿಟಿಷ್ ಆಳ್ವಿಕೆಯನ್ನು ಕಟುವಾಗಿ ಟೀಕಿಸಿ ಬರೆದಿದ್ದ. ಮಾರ್ಟನ್ ಮರ ನೆಡುವ ದಿನವನ್ನು 1872ರಲ್ಲಿ ಶುರುಮಾಡಿದವನು. 2019ರಲ್ಲಿ ಬ್ರಯನ್‌ನ ಜಾಗಕ್ಕೆ ಪೋಂಕ ಬುಡಕಟ್ಟಿನ ನಾಯಕ ಸ್ಟ್ಯಾಂಡಿಂಗ್ ಬೇರ್ ಬಂದ. ಸರ್ಕಾರ ಅವನ ಜನರನ್ನು ದಕ್ಷಿಣಕ್ಕೆ ಅಟ್ಟಿತ್ತು, ಅಲ್ಲಿ ಮಗ ತೀರಿಕೊಂಡ. ತಮ್ಮ ನೆಲದಲ್ಲೇ ಮಣ್ಣು ಮಾಡಬೇಕೆಂದು 1879ರ ಚಳಿಗಾಲದಲ್ಲಿ ಮಗನ ಅವಶೇಷ ಹೊತ್ತು ಉತ್ತರಕ್ಕೆ ಹೊರಟವನನ್ನು ಸೈನ್ಯ ಬಂಧಿಸಿತು. ಒಮಾಹದ ನ್ಯಾಯಾಲಯದಲ್ಲಿ ಅವನು ಕೈಯೆತ್ತಿ, ಈ ಕೈಯ ಬಣ್ಣ ಬೇರೆ, ಚುಚ್ಚಿದರೆ ಆಗುವ ನೋವು ಒಂದೇ ಎಂಬರ್ಥದಲ್ಲಿ ಮಾತಾಡಿದನೆಂದು ದಾಖಲೆಯಿದೆ. ಮೂಲನಿವಾಸಿಯೂ ಕಾನೂನಿನ ಕಣ್ಣಲ್ಲಿ ವ್ಯಕ್ತಿಯೇ ಎಂದು ನ್ಯಾಯಾಧೀಶ ಎಲ್ಮರ್ ಡಂಡಿ ತೀರ್ಪಿತ್ತ.

2023ರಲ್ಲಿ ಮಾರ್ಟನ್‌ನ ಜಾಗಕ್ಕೆ ಬಂದವಳು ವಿಲ್ಲಾ ಕ್ಯಾಥರ್. ಒಂಬತ್ತು ವರ್ಷದವಳಾಗಿ ವರ್ಜೀನಿಯದಿಂದ ಈ ಬಯಲಿಗೆ ಬಂದವಳು. ರೆಡ್ ಕ್ಲೌಡ್ ಎಂಬ ಸಣ್ಣ ಊರನ್ನೂ ಬೊಹೀಮಿಯದಿಂದ ಬಂದು ಬೇಸಾಯ ಮಾಡಿದ ವಲಸಿಗ ಹೆಣ್ಣುಮಕ್ಕಳನ್ನೂ ‘ಮೈ ಆಂಟೋನಿಯಾ’ದಲ್ಲಿ ಅಮರಗೊಳಿಸಿದಳು. ಆ ಕಾದಂಬರಿಯಲ್ಲಿ ಹೊಲದಲ್ಲಿ ಬಿಟ್ಟುಹೋದ ನೇಗಿಲು ಮುಳುಗುವ ಸೂರ್ಯನ ವೃತ್ತದೊಳಗೆ ಕ್ಷಣಕಾಲ ಕಪ್ಪಾಗಿ, ಭಾರಿಯಾಗಿ ಕಾಣುವ ನೋಟವಿದೆ, ಓದಿದವರು ಮರೆಯುವುದಿಲ್ಲ. ಅವಳ ಪ್ರತಿಮೆ ಮಾಡಿದ ಲಿಟಲ್ಟನ್ ಆಲ್‌ಸ್ಟನ್ ಒಮಾಹದ ಶಿಲ್ಪಿ. ರಾಜ್ಯಗಳು ಕೊಟ್ಟ ಆ ಪ್ರತಿಮೆಗಳ ಸಾಲಿನಲ್ಲಿ ಆಫ್ರಿಕನ್ ಅಮೆರಿಕನ್ ಶಿಲ್ಪಿಯೊಬ್ಬರ ಕೃತಿ ಸೇರಿದ್ದು ಅದೇ ಮೊದಲು.